ಶನಿವಾರದ ಎಣ್ಣೆ

ಬಸವೇಶ್ವರನಗರದ ಆ ಮನೆಯಲ್ಲಿ ಎಲ್ಲರಿಗಿಂತ ಸುಖವಾಗಿದ್ದದ್ದು ಒಂದು ಕಾರು. ಅರವತ್ತೇಳನೇ ಇಸವಿಯ ಇಂಗ್ಲಿಷ್ ಗಾಡಿ, ಎರಡೇ ಸೀಟು, ಕೆಂಪು ಬಣ್ಣ, ಮೇಲೆ ಮಡಚುವ ಬಟ್ಟೆಯ ಟಾಪು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದ ವೆಂಕಟಗಿರಿಯವರು ಅದನ್ನು ತನ್ನ ದೇಶಕ್ಕೆ ವಾಪಸು ಹೊರಟಿದ್ದ ಯಾರೋ ಎಂಜಿನಿಯರನಿಂದ ಕೊಂಡಿದ್ದರು. ಪೋರ್ಟಿಕೋ ಪೂರ್ತಿ ಅದರದ್ದೇ. ಹಿರಿಮಗ ಮಧ್ವೇಶನ ಸ್ಕೂಟರು ಬೀದಿಯಲ್ಲಿ ನೆನೆಯುತ್ತಿತ್ತು. ಸೊಸೆ ಮಾಲವಿಕಾ ಒದ್ದೆ ಬಟ್ಟೆಯ ಬಕೆಟ್ ಹೊತ್ತು ಎರಡು ಮಹಡಿ ಹತ್ತಿ ತಾರಸಿಗೆ ಹೋಗಬೇಕಿತ್ತು, ಯಾಕೆಂದರೆ ಪೋರ್ಟಿಕೋದಲ್ಲಿ ತಂತಿ ಕಟ್ಟಿದರೆ ಕಾರಿನ ಮೇಲೆ ನೀರು ತೊಟ್ಟಿಕ್ಕುತ್ತದಲ್ಲ! ವೆಂಕಟಗಿರಿ ಆ ಗಾಡಿಯನ್ನು ಕರೆಯುತ್ತಿದ್ದದ್ದೇ ‘ಕೂಸು’ ಅಂತ. ಸ್ವಂತ ಮೊಮ್ಮಗಳು ಗಗನಾಳನ್ನು ಮಾತ್ರ ‘ಏಯ್’ ಎಂದು ಕರೆದೇ ಇಪ್ಪತ್ತು ವರ್ಷ ಕಳೆದವರು.

ಕೂಸು ಬೀದಿಗೆ ಇಳಿಯುತ್ತಿದ್ದದ್ದು ವರ್ಷಕ್ಕೊಂದೇ ಸಲ, ಆಯುಧಪೂಜೆಯ ದಿನ. ನಿಂಬೆಹಣ್ಣು ತುಳಿದು, ಕಾರ್ಡ್ ರೋಡ್ ದಾಟಿ, ರಾಜಾಜಿನಗರ ಒಂದು ಸುತ್ತು ಹಾಕಿ ಬಂದರೆ ಎಂಟು ಕಿಲೋಮೀಟರು. ಸ್ಟೀರಿಂಗ್ ಹಿಡಿಯುವವರು ವೆಂಕಟಗಿರಿ, ಪಕ್ಕದಲ್ಲಿ ಕೂರುವವನು ಮುದ್ದಿನ ಕಿರಿಮಗ ಸುಘೋಷ್. ಮಾಲವಿಕಾ ಆ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಪ್ರತಿ ವರ್ಷವೂ ಗಾಡಿಗೆ ಆರತಿ ಎತ್ತಿದವಳು ಅವಳು, ಒಂದು ಸಲವೂ ಅದರಲ್ಲಿ ಕೂತವಳಲ್ಲ. ಇದ್ದದ್ದೇ ಎರಡು ಸೀಟು, ಕೇಳುವುದಾದರೂ ಯಾವ ಬಾಯಲ್ಲಿ?

ಈ ವರ್ಷ ಲೈಸೆನ್ಸ್ ನವೀಕರಿಸಲು ಹೋದರೆ ಡಾಕ್ಟರು ವೆಂಕಟಗಿರಿಯವರ ಕಣ್ಣು ನೋಡಿ ಸರ್ಟಿಫಿಕೇಟ್ ಕೊಡಲಿಲ್ಲ. ನಾಲ್ಕು ದಿನ ಯಾರೊಂದಿಗೂ ಮಾತಾಡದೆ ಇದ್ದು, ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಬಾಯಿ ಬಿಟ್ಟರು. ಸುಘೋಷ್ ನಾಗರಬಾವಿಯ ತನ್ನ ಫ್ಲಾಟಿನಿಂದ ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದ, ಅವತ್ತೂ ಬಂದಿದ್ದ.

“ಇನ್ಮೇಲೆ ನಾನು ಓಡಿಸೋ ಹಾಗಿಲ್ಲ,” ಎಂದರು ಹುಳಿ ಅನ್ನ ಕಲಸುತ್ತ. “ಕೀ ಯಾರ ಕೈಗೆ ಕೊಡೋದು ಅಂತ ಒಂದು ಪರೀಕ್ಷೆ ಇಟ್ಟಿದೀನಿ. ಕೂಸಿಗೆ ಎಣ್ಣೆ ಬದಲಾಯಿಸೋ ಕಾಲ ಬಂತು. ವರ್ಷಕ್ಕೆ ಎಂಟೇ ಕಿಲೋಮೀಟರ್ ಓಡೋ ಇಂಜಿನ್ನಿಗೆ ಯಾವ ಎಣ್ಣೆ ಹಾಕ್ಬೇಕು? ಸರಿಯಾದ್ದು ಯಾರು ತರ್ತಾರೋ, ಆಯುಧಪೂಜೆಗೆ ಅವರೇ ಓಡಿಸ್ಲಿ.”

“ಎಣ್ಣೆ ವಿಷಯ ನಂಗೆ ಬಿಡಪ್ಪ. ವಾರಾವಾರ ಅದೇ ತಾನೆ ನನ್ನ ಸಬ್ಜೆಕ್ಟು,” ಎಂದು ಸುಘೋಷ್ ಗಗನಾಳ ಕಡೆ ಕಣ್ಣು ಹೊಡೆದ. ಅವನು ಯಾವ ಎಣ್ಣೆಯ ಮಾತಾಡುತ್ತಿದ್ದಾನೆಂದು ಅವನಮ್ಮ ಅನಂತಲಕ್ಷ್ಮಮ್ಮನಿಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಗಿಯೂ ಗೊತ್ತಾಗಲಿಲ್ಲ.

“ನಾನೂ ತರಬಹುದಾ ತಾತ?” ಎಂದಳು ಗಗನಾ. ಅವಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ.

“ಯಾರು ಬೇಕಾದ್ರೂ ತರಬಹುದು. ಪರೀಕ್ಷೆ ಅಂದ್ಮೇಲೆ ಪರೀಕ್ಷೆ.”

“ಚೆನ್ನಾಗಿದೆ! ಹೆಣ್ಣುಹುಡುಗಿ ಟಾಪಿಲ್ಲದ ಗಾಡೀಲಿ ಮೆರವಣಿಗೆ ಹೋಗ್ತಾಳೇನು?” ಎಂದರು ಅನಂತಲಕ್ಷ್ಮಮ್ಮ. ವೆಂಕಟಗಿರಿ ಮಜ್ಜಿಗೆ ಕೇಳಿದರು.

ಗಗನಾ ಮರುದಿನವೇ ಕಾಲೇಜು ಮುಗಿಸಿ ಲಗ್ಗೆರೆಗೆ ಹೋದಳು. ಅಲ್ಲಿ ಚನ್ನಕೇಶವನ ಗ್ಯಾರೇಜಿತ್ತು. ಕೂಸಿನ ಹೊಟ್ಟೆಯೊಳಗೆ ಏನಿದೆಯೆಂದು ವೆಂಕಟಗಿರಿಯವರನ್ನು ಬಿಟ್ಟರೆ ಗೊತ್ತಿದ್ದದ್ದು ಅವನೊಬ್ಬನಿಗೇ.

“ನೋಡಮ್ಮ, ಓಡೋ ಗಾಡಿಗಿಂತ ನಿಂತಿರೋ ಗಾಡಿ ಎಣ್ಣೆನೇ ಬೇಗ ಕೆಡೋದು,” ಎಂದ ಅವನು ಕೈ ಒರೆಸಿಕೊಳ್ಳುತ್ತ. “ನಿಮ್ಮ ತಾತ ಹದಿನೈದು ದಿನಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಾರಲ್ಲ, ಅದ್ರಿಂದ ಒಳಗೆ ನೀರು ಕೂರುತ್ತೆ. ಅದಕ್ಕೇ ಓಡ್ಲಿ ಬಿಡ್ಲಿ, ವರ್ಷಕ್ಕೊಂದ್ಸಲ ಬದಲಾಯಿಸ್ಲೇಬೇಕು.”

“ಯಾವುದು ಹಾಕೋದು ಅಣ್ಣ?”

“ಟ್ವೆಂಟಿ ಡಬ್ಲ್ಯೂ ಫಿಫ್ಟಿ, ಸಾದಾ ಮಿನರಲ್ ಎಣ್ಣೆ. ದಪ್ಪಗಿರುತ್ತೆ. ಗಾಡಿ ಎಷ್ಟು ದಿನ ನಿಂತ್ರೂ ಲೋಹ ಬಿಟ್ಟು ಇಳಿಯಲ್ಲ. ಅಪ್ಪಿತಪ್ಪಿ ಈಗಿನ ಕಾರಿಗೆ ಹಾಕೋ ತೆಳು ಸಿಂಥೆಟಿಕ್ ಮುಟ್ಬೇಡಿ. ಈ ಇಂಜಿನ್ನಿನ ಪ್ಯಾಕಿಂಗ್ ಎಲ್ಲ ಹಳೇ ಕಾರ್ಕು, ಐವತ್ತು ವರ್ಷದ ಕೊಳೆನೇ ಅದನ್ನ ಹಿಡಿದು ಕೂರಿಸಿದೆ. ತೆಳು ಎಣ್ಣೆ ಆ ಕೊಳೆ ತೊಳೆದುಬಿಡುತ್ತೆ. ಆಮೇಲೆ ಕೆಳಗಿಂದ ಸೋರೋಕೆ ಶುರುವಾದ್ರೆ ದೇವರೇ ಬಂದ್ರೂ ನಿಲ್ಲಲ್ಲ.”

ಗಗನಾ ಎಲ್ಲವನ್ನೂ ಬರೆದುಕೊಂಡು ಬಂದು ಅಡಿಗೆಮನೆಯಲ್ಲಿ ಅಮ್ಮನ ಮುಂದೆ ಒಪ್ಪಿಸಿದಳು. ಮಾಲವಿಕಾ ಹುರುಳಿಕಾಯಿ ಹೆಚ್ಚುತ್ತಿದ್ದಳು.

“ಈ ಸಲ ಪಕ್ಕದ ಸೀಟಲ್ಲಿ ನೀನೇ ಅಮ್ಮ.”

“ಸುಮ್ನಿರೇ. ಚಿಕ್ಕಪ್ಪ ಬಿಟ್ಟುಕೊಡ್ತಾನಾ?”

“ಓಡಿಸೋರು ಯಾರನ್ನ ಹೇಳ್ತಾರೋ ಅವರು ಕೂರೋದು. ನಾನು ಹೇಳ್ತಿದೀನಿ, ನೀನು ಕೂರ್ತೀಯ. ಅಷ್ಟೇ.”

ಮಾಲವಿಕಾ ಬೈದಳು, ನಕ್ಕಳು. ಮರುದಿನ ಮಧ್ಯಾಹ್ನ ಎಲ್ಲರೂ ಮಲಗಿದಾಗ ಬೀರುವಿನಿಂದ ಹಸಿರು ಮೈಸೂರು ಸಿಲ್ಕ್ ತೆಗೆದು ಗಾಳಿಗೆ ಹರವಿದಳು. ಟಾಪು ಇಳಿಸಿದ ಕಾರಿನಲ್ಲಿ ಸೆರಗು ಹಾರದೆ ಇರಲು ಎಷ್ಟು ಪಿನ್ನು ಬೇಕಾದೀತೆಂದು ಲೆಕ್ಕ ಹಾಕಿದಳು. ಪಾಪ, ಎಷ್ಟು ಸಣ್ಣ ಆಸೆ! ಅದೂ ಆ ಮನೆಗೆ ಹೆಚ್ಚಾಗಿತ್ತು.

ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು, ಉಳಿದಂತೆ ಗಗನಾಳಿಗೆ ಪೂರ್ತಿ ಬಿಡುವಿದ್ದದ್ದು ಶನಿವಾರ ಮಾತ್ರ. ಅವತ್ತು ಅಂಗಡಿಗೆ ಹೋಗಿ, ಐದು ಲೀಟರಿನ ಡಬ್ಬ ಹಿಡಿದು ಬಸ್ಸಿನಲ್ಲಿ ಬಂದಳು. ಗೇಟಿನ ಒಳಗೆ ಒಂದು ಕಾಲಿಡುವಷ್ಟರಲ್ಲಿ ದಾಸವಾಳ ಕೀಳುತ್ತಿದ್ದ ಅಜ್ಜಿ ತಿರುಗಿದರು.

“ಏನೇ ಅದು ಕೈಯಲ್ಲಿ?”

“ಗಾಡಿಗೆ ಎಣ್ಣೆ ಅಜ್ಜಿ.”

“ಇವತ್ತು ಯಾವ ವಾರ?”

ಗಗನಾ ಅಲ್ಲೇ ನಿಂತಳು.

“ಶನಿವಾರ ಯಾರಾದ್ರೂ ಮನೆಗೆ ಎಣ್ಣೆ ತರ್ತಾರೇನೇ? ಇಷ್ಟು ವಯಸ್ಸಾಯ್ತು, ಅಷ್ಟು ಗೊತ್ತಾಗಲ್ವಾ? ಶನೀನ ಕೈ ಹಿಡಿದು ಕರ್ಕೊಂಡು ಬಂದಿದೀಯಲ್ಲೇ ಮೂದೇವಿ!”

“ಅಜ್ಜಿ, ಇದು ತಿನ್ನೋ ಎಣ್ಣೆ ಅಲ್ಲ, ಇಂಜಿನ್ ಆಯಿಲ್.”

“ಆಯಿಲ್ ಅಂದ್ರೆ ಕನ್ನಡದಲ್ಲಿ ಏನು?”

“…ಎಣ್ಣೆ.”

“ಹೂಂ. ಹೊರಗಿಡು.”

ಗಗನಾ ಡಬ್ಬವನ್ನು ಕಾಂಪೌಂಡಿನ ಆಚೆ ಹೊಂಗೆಮರದ ಬುಡದಲ್ಲಿಟ್ಟು, ಭಾನುವಾರ ಬೆಳಿಗ್ಗೆ ಒಳಗೆ ತಂದರಾಯಿತೆಂದುಕೊಂಡಳು. ಅಜ್ಜಿಯ ಯೋಚನೆ ಬೇರೆಯಿತ್ತು. ಸಂಜೆ ಪಾತ್ರೆ ತೊಳೆದು ಮನೆಗೆ ಹೊರಟ ಪಾಪಮ್ಮನನ್ನು ಕರೆದು, “ಶನಿವಾರ ಬಂದ ಎಣ್ಣೆ ಶನಿಮಹಾತ್ಮನಿಗೇ ಸಲ್ಲಲಿ. ಆ ಡಬ್ಬ ಗುಡೀಲಿ ಕೊಟ್ಟು ಹೋಗು,” ಎಂದರು. ಪಾಪಮ್ಮ ಸೊಂಟದ ಮೇಲೆ ಹೊತ್ತು ತಲುಪಿಸಿದಳು. ಅರ್ಚಕರು ಮುಚ್ಚಳ ತೆಗೆದು ಮೂಸಿ, ದೀಪಕ್ಕೆ ಆಗುವುದಿಲ್ಲ ಎಂದರು. ಹಾಗೆಂದು ವಾಪಸು ಕಳಿಸಲೂ ಇಲ್ಲ. ಗುಡಿಯ ಜನರೇಟರಿಗೆ ಎಣ್ಣೆ ಹಾಕಿ ಬಹಳ ದಿನವಾಗಿತ್ತು.

ಭಾನುವಾರ ಬೆಳಿಗ್ಗೆ ಗಗನಾ ಹೊಂಗೆಮರದ ಸುತ್ತ ಹುಡುಕಿ, ವಿಷಯ ತಿಳಿದು, ಗುಡಿಗೆ ಓಡಿದಳು. “ರಾತ್ರಿನೇ ಹಾಕಿಬಿಟ್ವಲ್ಲಮ್ಮ. ಈಗ ನೋಡು, ಹೂವಿನ ಹಾಗೆ ಓಡ್ತಿದೆ ಜನರೇಟರು,” ಎಂದರು ಅರ್ಚಕರು. ವಾಪಸು ಬರುವಷ್ಟರಲ್ಲಿ ಪೋರ್ಟಿಕೋದಲ್ಲಿ ಕೆಲಸ ಮುಗಿದಿತ್ತು. ಸುಘೋಷ್ ಹಳೆಯ ಎಣ್ಣೆ ಇಳಿಸಿ, ಬೆಳ್ಳಿಬಣ್ಣದ ದೊಡ್ಡ ಡಬ್ಬದಿಂದ ಕಡೆಯ ಹನಿಯನ್ನೂ ಇಂಜಿನ್ನಿಗೆ ಸುರಿಯುತ್ತಿದ್ದ. ಫೈವ್ ಡಬ್ಲ್ಯೂ ಥರ್ಟಿ, ಪೂರ್ತಿ ಸಿಂಥೆಟಿಕ್, ಹೊರದೇಶದ್ದು. ವೆಂಕಟಗಿರಿ ಕುರ್ಚಿ ಹಾಕಿಕೊಂಡು ಕೂತಿದ್ದರು.

“ತಾತ! ಇದು ನೀರಿನ ಹಾಗಿರುತ್ತೆ. ಸೋರುತ್ತೆ!”

ವೆಂಕಟಗಿರಿ ಡಬ್ಬದ ಬಾಯಿಗೆ ಬೆರಳು ಒತ್ತಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಕಣ್ಣು ಮಂಜಾದರೂ ಆ ಬೆರಳುಗಳಿಗೆ ಎಲ್ಲ ಗೊತ್ತಾಗುತ್ತಿತ್ತು.

“ನೀನು ತಂದಿದ್ದು ಟ್ವೆಂಟಿ ಡಬ್ಲ್ಯೂ ಫಿಫ್ಟಿ ತಾನೆ?”

“ಹೌದು ತಾತ.”

“ಸರಿಯಾದ ಉತ್ತರ.”

“ಮತ್ತೆ?”

“ಎಣ್ಣೆ ಸರಿ. ದಿನ ತಪ್ಪು.” ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡರು. “ನಿಮ್ಮಜ್ಜಿ ಮನಸ್ಸು ಕೆಡಿಸಿ ಹಬ್ಬ ಮಾಡೋಕಾಗುತ್ತಾ? ಇವನೂ ಅಷ್ಟು ಆಸೆಪಟ್ಟು ತಂದಿದಾನೆ. ಒಂದು ವರ್ಷಕ್ಕೆ ಏನೂ ಆಗಲ್ಲ.”

“ನಾಳೆ ಸೋಮವಾರ. ಬೇರೆ ತರ್ತೀನಿ, ಇದನ್ನ ಇಳಿಸೋಣ.”

“ಹುಡುಗಾಟ ಆಡ್ಬೇಡ. ಓಡಿಸೋದು ಸುಘೋಷ್. ಮುಗೀತು.”

“ಬೇಜಾರು ಮಾಡ್ಕೋಬೇಡ ಕಣೇ,” ಎಂದ ಸುಘೋಷ್. “ಗಾಡಿ ತೊಳೆಯೋಕೆ ನಿನ್ನೇ ಕರೀತೀನಿ.”

ಗಗನಾ ಅಪ್ಪನ ಕಡೆ ನೋಡಿದಳು. ಮಧ್ವೇಶ ಪೇಪರಿನ ಹಿಂದಿನಿಂದ, “ಹೋಗ್ಲಿ ಬಿಡು ಪುಟ್ಟ,” ಎಂದ. ಆ ಮನುಷ್ಯನ ಜಾಯಮಾನವೇ ಅಷ್ಟು.

“ಇನ್ನು ನಾನು ಆ ಗಾಡಿ ಕಡೆ ತಿರುಗಿ ನೋಡಿದ್ರೆ ಕೇಳಿ,” ಎಂದು ಗಗನಾ ಒಳಗೆ ಹೋದಳು. ಹಟಮಾರಿ ಹುಡುಗಿ, ಅಂದಂತೆಯೇ ನಡೆದುಕೊಂಡಳು. ಮರುದಿನದಿಂದ ಕಾಲೇಜಿಗೆ ಹಿತ್ತಿಲ ಬಾಗಿಲಿನಿಂದ, ಪಕ್ಕದ ಓಣಿಯಿಂದಲೇ ಹೋಗಿ ಬಂದಳು. ಮಾಲವಿಕಾ ಹಸಿರು ಸೀರೆಯನ್ನು ಮಡಚಿ ಬೀರುವಿನೊಳಗೆ ಇಟ್ಟಳು.

ಐದನೇ ದಿನ ಬೆಳಿಗ್ಗೆ ರಂಗೋಲಿ ಹಾಕಲು ಬಂದ ಮಾಲವಿಕಾಳಿಗೆ ಕಾರಿನ ಕೆಳಗೆ ರೂಪಾಯಿಯಗಲದ ಕಲೆ ಕಂಡಿತು. ಎಂಟನೇ ದಿನ ಅದು ಊಟದ ತಟ್ಟೆಯಷ್ಟಾಗಿತ್ತು. ಅವಳು ಮಧ್ಯಾಹ್ನ ಬಡಿಸುತ್ತ ಹೇಳಿದಳು:

“ಮಾವ, ಗಾಡಿಯಿಂದ ಎಣ್ಣೆ ಸೋರ್ತಿದೆ. ಇವತ್ತು ಅರ್ಧ ಲೋಟದಷ್ಟು ಇತ್ತು.”

ವೆಂಕಟಗಿರಿಯವರ ತುತ್ತು ಬಾಯಿಯ ಹತ್ತಿರ ನಿಂತಿತು. ಅವರಿಗೆ ಗೊತ್ತಿರದ ವಿಷಯವೇನಲ್ಲ. ಗೊತ್ತಿದ್ದಕ್ಕೇ ಸಿಟ್ಟು ಬಂತು. ಅವರಿಗಿಂತ ಮೊದಲು ಅನಂತಲಕ್ಷ್ಮಮ್ಮ ಬಾಯಿ ಹಾಕಿದರು.

“ಮಗಳಿಗೆ ಕೀ ಸಿಗ್ಲಿಲ್ಲ ಅಂತ ಗಾಡೀಲಿ ಹುಳುಕು ಹುಡುಕ್ತಿದೀಯಾ? ನಿಮ್ಮಪ್ಪ ಕೆಂಗೇರಿ ಬಸ್‌ಸ್ಟಾಪಲ್ಲಿ ನಿಂತ್ಕೊಂಡೇ ರಿಟೈರಾದೋರು. ಮನೇಲಿ ಒಂದು ಸೈಕಲ್ ಕಂಡಿದ್ಯಾ ನೀನು? ಕಾರಿನ ವಿಷಯ ಮಾತಾಡೋಕೆ ಬಂದ್ಲು!”

“ಅತ್ತೆ, ನಾನು ಕಂಡಿದ್ದನ್ನ ಹೇಳ್ದೆ.”

“ಮಾಲವಿಕಾ,” ಎಂದರು ವೆಂಕಟಗಿರಿ. “ಒಗ್ಗರಣೆ ಎಣ್ಣೆ ನಿಂದು, ಇಂಜಿನ್ ಎಣ್ಣೆ ನಂದು. ನೆಲದ ಮೇಲೆ ಕಲೆ ಕಾಣ್ಬಾರ್ದು. ಅಷ್ಟೇ ನಿನ್ನ ಕೆಲಸ. ಸುಘೋಷ್ ಬಂದಾಗ ನೋಡಿದ್ರೆ ನೊಂದ್ಕೋತಾನೆ.”

ಮಾರನೇ ದಿನ ಕಾಫಿ ಕೊಡುವಾಗ ಮಾಲವಿಕಾ ಗಂಡನಿಗೂ ಹೇಳಿ ನೋಡಿದಳು. “ರೀ, ನೀವಾದ್ರೂ ಒಂದು ಮಾತು ಹೇಳಿ. ಗಾಡಿ ಹಾಳಾಗುತ್ತೆ.”

“ಅಪ್ಪ ಮೂವತ್ತಾರು ವರ್ಷ ಮೆಷಿನ್ನುಗಳ ಮಧ್ಯೆ ಇದ್ದೋರು. ನೀನು ಅವರಿಗೆ ಹೇಳ್ಕೊಡ್ಬೇಕಾ? ನಿಂಗೆ ಹೇಳಿರೋದನ್ನ ಮಾಡು, ಮನೇಲಿ ಶಾಂತಿ ಇರುತ್ತೆ.”

“ಸರಿ,” ಎಂದಳು ಮಾಲವಿಕಾ.

ಆ ಮನೆಯಲ್ಲಿ ಅವಳ ‘ಸರಿ’ಯನ್ನು ಯಾರೂ ಕಿವಿಗೆ ಹಾಕಿಕೊಂಡವರಲ್ಲ. ಅವತ್ತು ಹಾಕಿಕೊಳ್ಳಬೇಕಿತ್ತು.

ಬಾಳಕದ ಮೆಣಸಿನಕಾಯಿ ಒಣಗಿಸುತ್ತಿದ್ದ ಎತ್ತರದ ಅಂಚಿನ ಅಲ್ಯೂಮಿನಿಯಂ ತಟ್ಟೆಯೊಂದಿತ್ತು. ಮಾಲವಿಕಾ ಅದನ್ನು ಕಾರಿನ ಅಡಿಗೆ, ಎಣ್ಣೆ ಬೀಳುವ ಜಾಗಕ್ಕೆ ಸರಿಯಾಗಿ ತಳ್ಳಿದಳು. ಸುಘೋಷ್ ಖಾಲಿ ಮಾಡಿದ ಬೆಳ್ಳಿಬಣ್ಣದ ಡಬ್ಬ ಮೂಲೆಯಲ್ಲೇ ಬಿದ್ದಿತ್ತು. ಒಳ್ಳೆಯ ಡಬ್ಬ, ಬಿಸಾಡಬೇಡ ಎಂದು ಅತ್ತೆಯೇ ಹೇಳಿದ್ದರು. ದಿನಾ ಬೆಳಿಗ್ಗೆ ತಟ್ಟೆಯಲ್ಲಿ ಬಿದ್ದದ್ದನ್ನು ಡಬ್ಬಕ್ಕೆ ಬಗ್ಗಿಸಿ, ತಟ್ಟೆ ಒರೆಸಿ ಮತ್ತೆ ಅಡಿಗೆ ತಳ್ಳಿ, ಆಮೇಲೆ ರಂಗೋಲಿ ಹಾಕುವಳು. ನೆಲ ಕನ್ನಡಿಯ ಹಾಗಿತ್ತು. ಕೀ ಸುಘೋಷ್ ಕೈ ಸೇರಿದ ಮೇಲೆ ವೆಂಕಟಗಿರಿ ಹದಿನೈದು ದಿನಕ್ಕೊಮ್ಮೆ ಗಾಡಿ ಸ್ಟಾರ್ಟ್ ಮಾಡುವುದನ್ನೂ ಬಿಟ್ಟಿದ್ದರು. ಅನಂತಲಕ್ಷ್ಮಮ್ಮ ಒಂದು ದಿನ ನೋಡಿ, “ನೋಡಿದ್ಯಾ, ಸೋರೋದು ಹೇಗೆ ತಾನಾಗೇ ನಿಂತ್ಹೋಯ್ತು! ಸುಮ್ನೆ ಅಪಶಕುನ ನುಡಿದ್ಲು,” ಎಂದರು. ಮಾಲವಿಕಾ ಹೂ ಕಟ್ಟುತ್ತಿದ್ದಳು.

ಪಿತೃಪಕ್ಷ ಬಂತು. ವೆಂಕಟಗಿರಿಯವರ ತಂದೆಯ ಹೆಸರಿನಲ್ಲಿ ಮಡಿಯಲ್ಲಿ ಅಡಿಗೆಯಾಯಿತು. ವಡೆ ಗಟ್ಟಿಯಾಯಿತೆಂದು ಮಾಲವಿಕಾ ಬೈಸಿಕೊಂಡಳು. ನವರಾತ್ರಿಗೆ ಗೊಂಬೆ ಇಳಿಸಿ ಕೂರಿಸಿದ್ದಾಯಿತು. ಒಂದು ಬೆಳಿಗ್ಗೆ ಗಗನಾ ತಿಂಡಿ ತಿನ್ನುವಾಗ ಅಮ್ಮನ ಕೈ ಹಿಡಿದು ಮೂಸಿದಳು.

“ಇದೇನಮ್ಮ, ಕೈಯೆಲ್ಲ ಆಯಿಲ್ ವಾಸನೆ?”

ಮಾತು ಮಾಲವಿಕಾಳ ನಾಲಿಗೆಯ ತುದಿಯವರೆಗೆ ಬಂತು. ಮಗಳ ಮುಖ ನೋಡಿದಳು.

“ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟೆ ಕಣೇ,” ಎಂದು ಕೈ ಎಳೆದುಕೊಂಡಳು.

ಆಯುಧಪೂಜೆಯ ಬೆಳಿಗ್ಗೆ ಅವಳು ತಟ್ಟೆಯನ್ನು ಹಿಂದಕ್ಕೆ ತೆಗೆದು, ತೊಳೆದು, ಹಿತ್ತಿಲಲ್ಲಿ ಬಿಸಿಲಿಗಿಟ್ಟಳು. ಬೀರು ತೆಗೆದು ಹಸಿರು ಸೀರೆ ಉಟ್ಟಳು. ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ ಮೇಲೆ ಕೂಸು ಮದುಮಗಳ ಹಾಗೆ ನಿಂತಿತ್ತು. ಸುಘೋಷ್ ಕರಿ ಕನ್ನಡಕ ಹಾಕಿಕೊಂಡು ಸ್ಟೀರಿಂಗ್ ಹಿಂದೆ ಕೂತ. ವೆಂಕಟಗಿರಿ ಪಕ್ಕದಲ್ಲಿ ಕೂತರು. ಮಾಲವಿಕಾ ಆರತಿ ಎತ್ತಿದಳು.

“ಎಣ್ಣೆ ಎಷ್ಟಿದೆ ಅಂತ ಕಡ್ಡಿ ಹಾಕಿ ನೋಡಿದ್ಯೇನೋ?” ಎಂದರು ವೆಂಕಟಗಿರಿ.

“ಹೊಸ ಎಣ್ಣೆ ಅಪ್ಪ, ಹಾಕಿ ಆರು ವಾರನೂ ಆಗಿಲ್ಲ. ನೋಡೋದೇನಿದೆ?”

ವೆಂಕಟಗಿರಿ ಒಂದು ಕ್ಷಣ ಮಾಲವಿಕಾಳ ಕಡೆ ತಿರುಗಿದರು. ಅವಳು ಆರತಿ ತಟ್ಟೆಯನ್ನು ಕೆಳಗಿಟ್ಟು, ಚಕ್ರದಡಿಗೆ ನಿಂಬೆಹಣ್ಣು ಸರಿಸಿದಳು. ಗಾಡಿ ಸ್ಟಾರ್ಟಾಯಿತು. ಮಹಡಿಯ ಬಾಲ್ಕನಿಯಿಂದ ಬೇಡಬೇಡವೆಂದುಕೊಂಡೇ ಬಗ್ಗಿ ನೋಡುತ್ತಿದ್ದ ಗಗನಾ ಕೂಗಿದಳು: “ಅಮ್ಮಾ, ಸದ್ದು ಯಾಕೋ ಒರಟಾಗಿದೆ ಅಲ್ವಾ? ಒಂದ್ನಿಮಿಷ ನಿಲ್ಸೋಕೆ ಹೇಳು!”

“ಹಬ್ಬದ ದಿನ ಅಡ್ಡಬಾಯಿ ಹಾಕ್ಬೇಡ. ಸುಮ್ನಿರು,” ಎಂದಳು ಮಾಲವಿಕಾ.

ನಿಂಬೆಹಣ್ಣು ಪಿಚಕ್ಕೆಂದಿತು. ಕೂಸು ಬೀದಿಯ ತಿರುವು ದಾಟಿತು.

ಮುಕ್ಕಾಲು ಗಂಟೆಯ ನಂತರ ಅದು ಹಗ್ಗ ಕಟ್ಟಿಸಿಕೊಂಡು, ಗೂಡ್ಸ್ ಆಟೋದ ಹಿಂದೆ ವಾಪಸು ಬಂತು. ಕಾರ್ಡ್ ರೋಡಿನ ಫ್ಲೈಓವರ್ ಏರುವಾಗ ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತಾಗಿ ನಿಂತುಬಿಟ್ಟಿತ್ತು. ಸೇವಂತಿಗೆ ಹಾರ ಅರ್ಧ ಕಿತ್ತುಹೋಗಿತ್ತು. ಚನ್ನಕೇಶವ ತನ್ನ ಗ್ಯಾರೇಜಿನ ಪೂಜೆ ಬಿಟ್ಟು, ಹೊಸ ಪಂಚೆಯಲ್ಲೇ ಬಂದ. ಬಾನೆಟ್ ಎತ್ತಿ ಕಡ್ಡಿ ಎಳೆದ. ಕಡ್ಡಿ ಒಣಗಿತ್ತು. ಒರೆಸಿ ಮತ್ತೆ ಹಾಕಿ ತೆಗೆದ.

“ಒಂದು ತೊಟ್ಟೂ ಇಲ್ಲ ಸಾರ್. ಇಂಜಿನ್ ಒಳಗೆ ಕಚ್ಕೊಂಡುಬಿಟ್ಟಿದೆ. ಇದಕ್ಕೆ ಇನ್ನು ಪಾರ್ಟ್ ಸಿಗಲ್ಲ, ಸಿಕ್ರೂ ಕೂರಲ್ಲ. ಮುಗೀತು ಇದರ ಕಥೆ. ಅಲ್ಲ ಸಾರ್, ನೆಲದಲ್ಲಿ ಒಂದು ಕಲೆನೂ ಇಲ್ಲ, ಅಷ್ಟೂ ಎಣ್ಣೆ ಹೋಗಿದ್ದೆಲ್ಲಿಗೆ?”

“ಶನಿವಾರ ತಂದ್ಲಲ್ಲ ಮನೆಹಾಳಿ!” ಎಂದು ಅನಂತಲಕ್ಷ್ಮಮ್ಮ ಕೆಳಗೆ ಓಡಿಬಂದಿದ್ದ ಗಗನಾಳ ಕಡೆ ಕೈ ತೋರಿಸಿದರು. “ಅವತ್ತೇ ನಂಗೆ ಗೊತ್ತಿತ್ತು! ಅವಳ ಕಾಲ್ಗುಣ ಇದು!”

“ಹೌದು,” ಎಂದರು ವೆಂಕಟಗಿರಿ. “ನೀನು ಅವತ್ತು ಆ ಎಣ್ಣೆ ತರದೇ ಇದ್ದಿದ್ರೆ ಇವತ್ತು ಇದ್ಯಾವುದೂ ಆಗ್ತಿರಲಿಲ್ಲ ಕಣೇ.”

ಗಗನಾಳ ಕಣ್ಣಿನಿಂದ ನೀರಿಳಿಯಿತು. ಮಾಲವಿಕಾ ಮೂಲೆಗೆ ಹೋಗಿ ಬೆಳ್ಳಿಬಣ್ಣದ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಾವನ ಕಾಲ ಬಳಿ ಇಟ್ಟಳು. ತುಂಬಿದ ಡಬ್ಬ, ಬಾಯಿಗೆ ಎರಡೇ ಬೆರಳು ಕಡಿಮೆ.

“ತಗೊಳ್ಳಿ ಮಾವ, ನಿಮ್ಮ ಎಣ್ಣೆ. ನೆಲದ ಮೇಲೆ ಕಲೆ ಕಾಣ್ಬಾರ್ದು ಅಂದಿದ್ರಿ. ಕಾಣ್ಲಿಲ್ಲ.”

ವೆಂಕಟಗಿರಿ ಬಗ್ಗಿ ಬೆರಳು ಅದ್ದಿದರು. ಹೆಬ್ಬೆರಳಿನಿಂದ ತಿಕ್ಕಿದರು. ಮತ್ತೆ ತಿಕ್ಕಿದರು.

“ಅತ್ತಿಗೆ, ನೀವೇನು ಮನುಷ್ಯರಾ?” ಎಂದ ಸುಘೋಷ್.

“ಹೇಳಿದ್ನಲ್ಲ. ಮಾವನಿಗೆ ಹೇಳ್ದೆ, ನಿಮ್ಮಣ್ಣನಿಗೂ ಹೇಳ್ದೆ. ಕೇಳಿ ಅವರನ್ನ.”

ಮಧ್ವೇಶ ಚಪ್ಪಲಿ ಮೆಟ್ಟಿಕೊಂಡು, ಕಾಫಿಪುಡಿ ಅಂಗಡಿ ತೆಗೆದಿದೆಯೇ ಎಂದು ಚನ್ನಕೇಶವನನ್ನು ಕೇಳಿ, ಬೀದಿಗೆ ಹೋದ.

ಮಧ್ಯಾಹ್ನ ಉಳಿದವರೆಲ್ಲ ಊಟ ಬಿಟ್ಟರು. ಅಡಿಗೆಮನೆಯಲ್ಲಿ ಮಾಲವಿಕಾ ಮಗಳಿಗೊಂದು ಎಲೆ, ತನಗೊಂದು ಎಲೆ ಹಾಕಿ ಹೋಳಿಗೆ ಬಡಿಸಿದಳು. ಗಗನಾ ಮುಟ್ಟಲಿಲ್ಲ.

“ಒಂದು ತಿಂಗಳು ದಿನಾ ತುಂಬಿಸಿದ್ಯಾ ಅಮ್ಮ?”

“ಹೂಂ.”

“ತಾತ ಕೇಳ್ಲಿಲ್ಲ, ಅಪ್ಪ ಕೇಳ್ಲಿಲ್ಲ, ಸರಿ. ನಂಗೆ ಹೇಳ್ಬೇಕಿತ್ತಲ್ಲ? ಮುಂದಿನ ವರ್ಷ ಹೇಗಾದ್ರೂ ಮಾಡಿ ನಾನೇ ಓಡಿಸ್ತಿದ್ದೆ. ನಿನ್ನ ಪಕ್ಕದಲ್ಲಿ ಕೂರಿಸ್ಕೋತಿದ್ದೆ.”

“ಮುಂದಿನ ವರ್ಷಾನೂ ಒಂದು ಶನಿವಾರ ಬರ್ತಿತ್ತು ಕಣೇ.”

“ಆದ್ರೂ ನಂಗೆ ಹೇಳ್ಬೇಕಿತ್ತು! ಆ ದಿನ ಕೈ ಮೂಸಿ ಕೇಳ್ದಾಗ್ಲಾದ್ರೂ ಹೇಳ್ಬೇಕಿತ್ತು!”

ಮಾಲವಿಕಾ ಹೋಳಿಗೆಯ ಮೇಲೆ ತುಪ್ಪ ಹಾಕಿಕೊಂಡಳು.

“ಹೇಳಿದ್ರೆ ನೀನು ಸರಿ ಮಾಡಿಬಿಡ್ತಿದ್ದೆ.”

ಗಗನಾ ಅಮ್ಮನ ಮುಖವನ್ನು, ಅವಳುಟ್ಟ ಹಸಿರು ಸೀರೆಯನ್ನು, ಸೆರಗಿಗೆ ಸಾಲಾಗಿ ಚುಚ್ಚಿದ್ದ ನಾಲ್ಕು ಪಿನ್ನುಗಳನ್ನು ನೋಡಿದಳು. ಎಲೆ ಸರಿಸಿ ಎದ್ದು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದಳು. ಮಾಲವಿಕಾ ತನ್ನ ಹೋಳಿಗೆ ಮುಗಿಸಿದಳು. ಆಮೇಲೆ ಮಗಳು ಮುಟ್ಟದೆ ಬಿಟ್ಟದ್ದನ್ನೂ ತನ್ನೆಲೆಗೆ ಎಳೆದುಕೊಂಡು ತಿಂದಳು.